ಮೊಬೈಲು ಹೇಳಿದ ಹೊತ್ತು, ಹೊಳೆ ಏರಿದ ಹೊತ್ತು

ದೋಣಿ ಕೆಸರಲ್ಲಿ ಕೂತಾಗ ಸಂಜೆ ಆರೂ ಕಾಲು. ಮೇ ತಿಂಗಳ ಅಮಾವಾಸ್ಯೆ. ಉತ್ತರ ಕನ್ನಡದ ಅಘನಾಶಿನಿ ಹೊಳೆಯಲ್ಲಿ, ದೀವಗಿ ಸೇತುವೆಯಿಂದ ಸ್ವಲ್ಪ ಮೇಲೆ, ನಾನು ಮತ್ತು ಮಾವನ ಮಗ ಇಬ್ಬರೇ. ಸುತ್ತ ನೀರಿದೆ, ಆದರೆ ಮೊಣಕಾಲಿಗೂ ಬರುವುದಿಲ್ಲ. ಇಳಿದು ತಳ್ಳೋಣ ಅಂತ ಕಾಲಿಟ್ಟರೆ ರಾಡಿ ತೊಡೆಯವರೆಗೂ ಎಳೆದುಕೊಳ್ಳುತ್ತದೆ. ಒಂದು ಚಪ್ಪಲಿ ಹೋಯಿತು. ಅದು ಇನ್ನೂ ಅಲ್ಲೇ ಇರಬೇಕು.

ತಪ್ಪು ಪೂರ್ತಿ ನನ್ನದೇ. ಮಧ್ಯಾಹ್ನ ಹೊರಡುವಾಗ ಮೊಬೈಲಿನಲ್ಲಿ ಭರತ-ಇಳಿತದ (ಸಮುದ್ರದ ಉಬ್ಬರ-ಇಳಿತದ) ಹೊತ್ತು ನೋಡಿದ್ದೆ. ಐದೂವರೆಗೆ ಇಳಿತ ಮುಗಿಯುತ್ತದೆ ಅಂತಿತ್ತು. ಹಾಗಾದರೆ ಐದೂವರೆ ಆದಮೇಲೆ ನೀರು ಏರಲೇಬೇಕು, ಆರಕ್ಕೆ ಹೊರಟರೆ ಏರುವ ನೀರಿನ ಜೊತೆಗೇ ಆರಾಮಾಗಿ ಮನೆ ಸೇರಬಹುದು ಅಂತ ಲೆಕ್ಕ ಹಾಕಿದ್ದೆ. ಬೆಂಗಳೂರಿನಿಂದ ಬಂದವನ ಲೆಕ್ಕ. ಆರಕ್ಕೆ ಹೊರಟೆವು. ನೀರು ಏರುವುದು ಹಾಗಿರಲಿ, ಕಣ್ಣೆದುರೇ ಇನ್ನೂ ಇಳಿಯುತ್ತಿತ್ತು.

ದಡದಲ್ಲಿ ಮಾವ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಬೈಯಲಿಲ್ಲ. ಕೂಗಿ ಹೇಳಿದ್ದು ಇಷ್ಟೇ:

"ಅಲ್ಲಾ ತಮಾ, ನೀ ನೋಡಿದ್ದು ಸಮುದ್ರದ ಹೊತ್ತು. ಇದು ಹೊಳೆ!"

ಎಂಟು ಗಂಟೆಯವರೆಗೆ ಸೊಳ್ಳೆ ಹೊಡೆಯುತ್ತಾ ಕೂತೆವು. ಆಮೇಲೆ ದೋಣಿ ತಾನಾಗೇ ಅಲುಗಾಡಿತು. ಯಾರೂ ತಳ್ಳಲಿಲ್ಲ.

ಸಮಾಧಾನಕ್ಕೆ ಆಮೇಲೆ ಒಂದು ಕಥೆ ನೆನಪಾಯಿತು. ಕ್ರಿ.ಪೂ. 325ರಲ್ಲಿ ಅಲೆಕ್ಸಾಂಡರನ ಹಡಗುಗಳು ಸಿಂಧೂ ನದಿಯಲ್ಲಿ ಸಮುದ್ರದ ಕಡೆಗೆ ಇಳಿಯುತ್ತಿದ್ದಾಗ ನೀರು ಇಳಿದುಹೋಗಿ ಹಡಗುಗಳು ಒಣ ನೆಲದ ಮೇಲೆ ಕೂತವಂತೆ. ಸೈನಿಕರು ಗಾಬರಿ. ಆಮೇಲೆ ನೀರು ವಾಪಸು ನುಗ್ಗಿ ಬಂದಾಗ ಇನ್ನೂ ಗಾಬರಿ. ಅವರ ಊರಿನ ಸಮುದ್ರ ಮೆಡಿಟರೇನಿಯನ್, ಅಲ್ಲಿ ಭರತ-ಇಳಿತ ಕಣ್ಣಿಗೆ ಬೀಳುವಷ್ಟು ಇಲ್ಲ. ಗ್ರೀಕ್ ಇತಿಹಾಸಕಾರ ಅರಿಯನ್ ಇದನ್ನು ಬರೆದಿಟ್ಟಿದ್ದಾನೆ. ಜಗತ್ತು ಗೆಲ್ಲಲು ಹೊರಟವನಿಗೇ ಹೊಳೆಯ ನೀರಿನ ಲೆಕ್ಕ ತಪ್ಪಿದೆ, ನನ್ನದೇನು ದೊಡ್ಡ ವಿಷಯ ಅಲ್ವಾ?

ಸಮುದ್ರದ ದಡದಲ್ಲಿ ಈ ವಿಷಯ ಸರಳ. ಗೋಕರ್ಣದ ಮರಳಲ್ಲಿ ಕೂತು ಎಷ್ಟೋ ಸಲ ನೋಡಿದ್ದೇನೆ. ನೀರು ಸುಮಾರು ಆರು ಗಂಟೆ ಮೇಲೆ ಬರುತ್ತದೆ, ಸುಮಾರು ಆರು ಗಂಟೆ ಹಿಂದೆ ಹೋಗುತ್ತದೆ. ಒಂದು ಭರತದಿಂದ ಇನ್ನೊಂದು ಭರತಕ್ಕೆ 12 ಗಂಟೆ 25 ನಿಮಿಷ. ಕುಡ್ಲೆಯಲ್ಲಿ ಭರತ ಆದಾಗ ಓಂ ಬೀಚಿನಲ್ಲೂ ಭರತ, ಕುಮಟಾದಲ್ಲೂ ಭರತ. ನಿಮಿಷಗಳ ವ್ಯತ್ಯಾಸ ಇದ್ದರೂ ಮರಳಲ್ಲಿ ಕೂತವನಿಗೆ ಗೊತ್ತಾಗುವುದಿಲ್ಲ. ನೀರು ಎಷ್ಟು ಏರುತ್ತದೆ ಅನ್ನುವುದು ಮಾತ್ರ ನಮ್ಮ ಪಶ್ಚಿಮ ಕರಾವಳಿಯಲ್ಲಿ ಬಡಗಣಕ್ಕೆ ಹೋದ ಹಾಗೆ ಜಾಸ್ತಿಯಾಗುತ್ತದೆ. ಕೊಚ್ಚಿಯಲ್ಲಿ ಒಂದು ಮೀಟರಿನ ಆಸುಪಾಸು. ಕಾರವಾರದಲ್ಲಿ ದೊಡ್ಡ ಭರತಕ್ಕೆ ಎರಡು ಮೀಟರಿನ ಹತ್ತಿರ. ಮುಂಬೈಯಲ್ಲಿ ಐದು. ಗುಜರಾತಿನ ಭಾವನಗರದಲ್ಲಿ ಹತ್ತು ದಾಟುತ್ತದೆ.

ಮಾವನ ಮನೆಯಲ್ಲಿ ಇದಕ್ಕೆಲ್ಲ ಮೊಬೈಲು ಬೇಡ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ತಿಥಿ ನೋಡುತ್ತಾರೆ. ಹುಣ್ಣಿಮೆ, ಅಮಾವಾಸ್ಯೆಗೆ ಸಮುದ್ರದ ಭರತ ಮಧ್ಯಾಹ್ನ ಹನ್ನೊಂದು, ಹನ್ನೆರಡರ ಒಳಗೆ. ಅಲ್ಲಿಂದ ಮುಂದೆ ದಿನಕ್ಕೆ ಎರಡು ಗಳಿಗೆ ತಡ. ಒಂದು ಗಳಿಗೆ ಅಂದರೆ 24 ನಿಮಿಷ, ಎರಡಕ್ಕೆ 48. ಪುಸ್ತಕದಲ್ಲಿ ಕೊಡುವ ಲೆಕ್ಕ ದಿನಕ್ಕೆ 50 ನಿಮಿಷ. ಚಂದ್ರ ದಿನಾ ಅಷ್ಟು ತಡವಾಗಿ ಹುಟ್ಟುತ್ತಾನಲ್ಲ, ಅದೇ. ಎರಡು ನಿಮಿಷದ ವ್ಯತ್ಯಾಸಕ್ಕೆ ದೋಣಿ ಕೆಸರಿಗೆ ಕೂರುವುದಿಲ್ಲ.

ಇದಕ್ಕೆ ಮೇಲೆ ಇನ್ನೊಂದು ಲೆಕ್ಕ ಅವರ ತಲೆಯಲ್ಲಿದೆ. ಅದು ಕ್ಯಾಲೆಂಡರಿನಲ್ಲಿಲ್ಲ, ಮೊಬೈಲಿನಲ್ಲೂ ಇಲ್ಲ. ಮೊಬೈಲು ತೋರಿಸಿದ್ದು ಕಾರವಾರ ಬಂದರಿನ ಹೊತ್ತು. ನಮ್ಮ ಧಕ್ಕೆಯದ್ದಲ್ಲ.

ಮರುದಿನ ನಾನು ಹಟಕ್ಕೆ ಬಿದ್ದೆ. ಧಕ್ಕೆಯ ಚಿರೇಕಲ್ಲಿನ ಮೆಟ್ಟಿಲ ಮೇಲೆ ಸೀಮೆಸುಣ್ಣ ಹಿಡಿದು ಕೂತೆ. ಹತ್ತು ನಿಮಿಷಕ್ಕೊಮ್ಮೆ ನೀರಿನ ಅಂಚಿಗೆ ಒಂದು ಗೆರೆ, ಪಕ್ಕದಲ್ಲಿ ಹೊತ್ತು. ಪಕ್ಕದ ಮನೆಯ ಅಜ್ಜಿ ಎರಡು ಸಲ ಬಂದು ನೋಡಿ ಹೋದರು. ಹುಡುಗನಿಗೆ ಏನೋ ಆಗಿದೆ ಅಂತ ಅತ್ತೆಗೆ ಹೇಳಿದ್ದು ಆಮೇಲೆ ಗೊತ್ತಾಯಿತು.

ಮೊಬೈಲಿನ ಪ್ರಕಾರ ಭರತ 12.10ಕ್ಕೆ. ನನ್ನ ಗೆರೆಗಳು 12.10 ಆದಮೇಲೂ ಮೇಲೆ ಹೋಗುತ್ತಲೇ ಇದ್ದವು. ಎಲ್ಲಕ್ಕಿಂತ ಮೇಲಿನ ಗೆರೆ ಬಿದ್ದದ್ದು 12.50ಕ್ಕೆ. ನಲವತ್ತು ನಿಮಿಷ ತಡ.

ಸರಿ, ನೀರು ಇನ್ನು ಕೆಳಗೆ ಹರಿಯಬೇಕು ಅಂದುಕೊಂಡೆ. ಅಷ್ಟರಲ್ಲಿ ಒಂದು ತೆಂಗಿನಕಾಯಿ ಸಿಪ್ಪೆ ತೇಲಿಕೊಂಡು ಬಂತು. ಹೋಗುತ್ತಿದ್ದದ್ದು ಎತ್ತ? ಮೇಲಕ್ಕೆ, ಘಟ್ಟದ ಕಡೆಗೆ! ಮೆಟ್ಟಿಲ ಮೇಲೆ ನೀರು ಒಂದು ಬೆರಳು ಇಳಿದಿದೆ, ಒದ್ದೆ ಗೆರೆ ಕಾಣುತ್ತಿದೆ, ಆದರೂ ಹೊಳೆ ಹಿಂದಕ್ಕೇ ಹರಿಯುತ್ತಿದೆ. ಇನ್ನೊಂದು ಸಿಪ್ಪೆ ನಾನೇ ಎಸೆದೆ. ಅದೂ ಮೇಲಕ್ಕೇ ಹೋಯಿತು, ನಿಧಾನವಾಗಿ. 1.15ರ ಹೊತ್ತಿಗೆ ಎಸೆದದ್ದು ಎಲ್ಲೂ ಹೋಗದೆ ಅಲ್ಲೇ ಸುಮ್ನೆ ಸುತ್ತು ಹಾಕಿತು. ಆಮೇಲೆ ಮೆಲ್ಲಗೆ ಸೇತುವೆಯ ಕಡೆ ತಿರುಗಿತು.

ಅಂದರೆ ಒಂದೇ ಭರತಕ್ಕೆ ಮೂರು ಹೊತ್ತು. ಸಮುದ್ರ ತಿರುಗಿದ ಹೊತ್ತು, ನಮ್ಮ ಮೆಟ್ಟಿಲಲ್ಲಿ ನೀರು ಇಳಿಯತೊಡಗಿದ ಹೊತ್ತು, ಹರಿವು ತಿರುಗಿದ ಹೊತ್ತು. ದಡದ ಮರಳಲ್ಲಿ ಕೂತವನಿಗೆ ಇದು ಗೊತ್ತಾಗುವುದೇ ಇಲ್ಲ.

ರಾತ್ರಿ ಬ್ಯಾಟರಿ ಹಿಡಿದು ಮತ್ತೆ ಹೋದೆ. ಸಮುದ್ರದಲ್ಲಿ ಇಳಿತ 6.20ಕ್ಕೆ ಮುಗಿದಿತ್ತು. ಮೆಟ್ಟಿಲಿನಲ್ಲಿ ಕೊನೆಯ ಗೆರೆ ಎಳೆದದ್ದು 8 ಗಂಟೆಗೆ. ಈ ಸಲ ನೂರು ನಿಮಿಷ ತಡ! ಭರತಕ್ಕೆ ನಲವತ್ತು, ಇಳಿತಕ್ಕೆ ನೂರು. ನಾವು ಕೆಸರಲ್ಲಿ ಕೂತದ್ದು ಯಾಕೆ ಅಂತ ಆಗ ಪೂರ್ತಿ ಅರ್ಥವಾಯಿತು.

ಯಾಕೆ ಹೀಗೆ? ಎರಡು ಕಾರಣ, ಎರಡೂ ಸುಲಭವಾದವೇ.

ಮೊದಲನೆಯದು ಅಳಿವೆಯ ಆಕಾರ. ಅಘನಾಶಿನಿ ಸಮುದ್ರ ಸೇರುವ ಜಾಗದಲ್ಲಿ, ತದಡಿ ಮತ್ತು ಅಘನಾಶಿನಿ ಊರಿನ ನಡುವೆ, ಹೊಳೆಯ ಬಾಯಿ ಕಿರಿದು. ಒಳಗೆ ಬಂದರೆ ಹೊಟ್ಟೆ ದೊಡ್ಡದು. ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಗಜನಿ (ಉಪ್ಪುನೀರು ಬರುವ ತಗ್ಗು ಗದ್ದೆ), ಕುರ್ವೆ (ಹೊಳೆ ನಡುವಿನ ದ್ವೀಪ), ರಾಡಿ ದಿಬ್ಬ ಎಲ್ಲ ಹರಡಿಕೊಂಡಿವೆ. ಒಂದು ಕೊಡವನ್ನು ಬಾವಿಯಲ್ಲಿ ಮುಳುಗಿಸಿದ ಹಾಗೆ ಅಂದುಕೊಳ್ಳಿ. ಸಣ್ಣ ಬಾಯಿಯಿಂದ ನೀರು ಒಳಗೆ ಹೋಗುವುದಕ್ಕೆ ಹೊತ್ತು ಬೇಕು. ಹೊರಗೆ ಸಮುದ್ರ ಇಳಿಯಲು ಶುರುವಾದಾಗ ಒಳಗಿನ ನೀರು ಇನ್ನೂ ಸಮುದ್ರಕ್ಕಿಂತ ಕೆಳಗೇ ಇರುತ್ತದೆ. ಹಾಗಾಗಿ ನೀರು ಒಳಗೆ ನುಗ್ಗುತ್ತಲೇ ಇರುತ್ತದೆ. ಒಳಗೂ ಹೊರಗೂ ಸಮ ಆದಮೇಲೂ ಅಷ್ಟು ನೀರು ತಟ್ಟನೆ ನಿಲ್ಲಲ್ಲ, ಇಳಿಜಾರಲ್ಲಿ ಓಡುವ ಸೈಕಲ್ಲಿನ ಹಾಗೆ ಒಂದಿಷ್ಟು ದೂರ ಹೋಗುತ್ತದೆ. ನನ್ನ ತೆಂಗಿನ ಸಿಪ್ಪೆ ಹೋದದ್ದು ಆ ಓಟದಲ್ಲೇ.

ಎರಡನೆಯದು ಆಳ. ಭರತ ಅನ್ನುವುದೂ ಒಂದು ಅಲೆಯೇ, ತುಂಬಾ ಉದ್ದದ ಅಲೆ. ಇಂಥ ಅಲೆಯ ಓಟ ನೀರಿನ ಆಳವನ್ನು ನಂಬಿಕೊಂಡಿದೆ. ಆಳವನ್ನು ಮೀಟರಿನಲ್ಲಿ ತೆಗೆದುಕೊಂಡು ಹತ್ತರಿಂದ ಗುಣಿಸಿ ವರ್ಗಮೂಲ ತೆಗೆಯಿರಿ, ಸೆಕೆಂಡಿಗೆ ಎಷ್ಟು ಮೀಟರ್ ಅನ್ನುವುದು ಹೆಚ್ಚುಕಡಿಮೆ ಬರುತ್ತದೆ. ನಾಲ್ಕು ಸಾವಿರ ಮೀಟರ್ ಆಳದ ಸಾಗರದಲ್ಲಿ ಸೆಕೆಂಡಿಗೆ 200 ಮೀಟರ್, ಅಂದರೆ ಗಂಟೆಗೆ 720 ಕಿಲೋಮೀಟರ್. ವಿಮಾನದ ವೇಗ. ಅದೇ ಅಲೆ ನಾಲ್ಕು ಮೀಟರ್ ಆಳದ ಹೊಳೆಗೆ ಬಂದರೆ ಗಂಟೆಗೆ 23 ಕಿಲೋಮೀಟರ್. ಎರಡು ಮೀಟರಿಗೆ 16. ಸೈಕಲ್ಲಿನ ವೇಗ. ಇದರ ಮೇಲೆ ತಳದ ಕಲ್ಲು, ಮರಳು, ಕಾಂಡ್ಲಾ ಬೇರು ಎಲ್ಲ ಸೇರಿ ಇನ್ನಷ್ಟು ಹಿಡಿದೆಳೆಯುತ್ತವೆ. ಮೇಲಿನಿಂದ ಬರುವ ಹೊಳೆ ಬೇರೆ ಎದುರು ತಳ್ಳುತ್ತದೆ.

ಈಗ ಮಜಾ ನೋಡಿ. ಭರತದ ಹೊತ್ತಿಗೆ ಹೊಳೆ ಆಳವಾಗಿರುತ್ತದೆ, ಹಾಗಾಗಿ ಅಲೆಯ ನೆತ್ತಿ ಬೇಗ ಬರುತ್ತದೆ. ಇಳಿತದ ಹೊತ್ತಿಗೆ ಹೊಳೆ ತೆಳು, ಅಲೆಯ ತಗ್ಗು ತೆವಳಿಕೊಂಡು ಬರುತ್ತದೆ. ನಲವತ್ತು ನಿಮಿಷ, ನೂರು ನಿಮಿಷದ ಗುಟ್ಟು ಇದೇ. ಪರಿಣಾಮವಾಗಿ ನಮ್ಮ ಧಕ್ಕೆಯಲ್ಲಿ ನೀರು ಇಳಿಯಲು ಏಳು ಗಂಟೆ ಮೇಲೆ ಹಿಡಿಯಿತು. ಒಟ್ಟು 12 ಗಂಟೆ 25 ನಿಮಿಷ ಬದಲಾಗಲ್ಲ, ಚಂದ್ರ ಅದಕ್ಕೆ ಬಿಡುವುದಿಲ್ಲ. ಹಾಗಾಗಿ ಏರಲು ಉಳಿದದ್ದು ಐದೂ ಕಾಲು ಗಂಟೆ ಮಾತ್ರ. ಹೊಳೆಯಲ್ಲಿ ಒಳಗೆ ಹೋದಷ್ಟೂ ಹೀಗೇ. ಏರುವುದು ಅವಸರದಲ್ಲಿ, ಇಳಿಯುವುದು ಸಾವಕಾಶ.

ಈ ಅವಸರ ಅತಿಯಾದರೆ ಏನಾಗುತ್ತದೆ ಅಂತ ಹೂಗ್ಲಿ ನದಿಯವರನ್ನು ಕೇಳಬೇಕು. ಜಾತ್ರೆಯಲ್ಲಿ ಮುಂದಿನವರು ನಿಧಾನ ಮಾಡಿ ಹಿಂದಿನವರು ಓಡಿಬಂದರೆ ಹೇಗೆ ಒಬ್ಬರ ಮೇಲೆ ಒಬ್ಬರು ಬೀಳುತ್ತಾರೋ, ಹಾಗೆ ಹಿಂದಿನ ನೀರು ಮುಂದಿನ ನೀರಿನ ಮೇಲೆ ಏರಿ ಗೋಡೆಯಂತೆ ನಿಂತು ನದಿಯಲ್ಲಿ ಮೇಲಕ್ಕೆ ಓಡುತ್ತದೆ. ಬಂಗಾಳಿಗಳು ಅದನ್ನು ಬಾನ್ ಅನ್ನುತ್ತಾರೆ. ಚೀನಾದ ಹಾಂಗ್‌ಝೌ ಹತ್ತಿರ ಚಿಯಾನ್‌ಟಾಂಗ್ ನದಿಯಲ್ಲಿ ಇದು ಆಳೆತ್ತರ ಮೀರುತ್ತದೆ. ಅವರ ಎಂಟನೇ ಚಾಂದ್ರಮಾಸದ 18ನೇ ದಿನ ಅದನ್ನು ನೋಡಲು ಜನ ಜಾತ್ರೆಯೇ ಸೇರುತ್ತದೆ. ಅಲ್ಲೆಲ್ಲ ಸಮುದ್ರದ ಭರತವೇ ದೊಡ್ಡದು, ಜೊತೆಗೆ ನದಿಯ ಬಾಯಿ ಲಾಳಿಕೆಯ ಹಾಗೆ ಅಗಲದಿಂದ ಕಿರಿದಾಗುತ್ತಾ ಹೋಗುತ್ತದೆ. ನಮ್ಮ ಹೊಳೆಗೆ ಎರಡೂ ಇಲ್ಲ. ಇದ್ದಿದ್ದರೆ ನಾವಿಬ್ಬರೂ ಚಪ್ಪಲಿಯ ಜೊತೆಗೇ ಹೋಗುತ್ತಿದ್ದೆವು.

ಅಮೆಜಾನ್ ನದಿಯದು ಇನ್ನೊಂದು ಥರ. ಅಲ್ಲಿ ಭರತದ ಪ್ರಭಾವ ಸುಮಾರು 800 ಕಿಲೋಮೀಟರ್ ಒಳಗೆ ಒಬಿಡೋಸ್ ಎಂಬ ಊರಿನವರೆಗೂ ಹೋಗುತ್ತದೆ. ಅಷ್ಟು ದೂರ ಹೋಗಲು ಅಲೆಗೆ ದಿನಗಟ್ಟಲೆ ಬೇಕು. ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ಭರತ, ಮತ್ತೊಂದು ಭರತ ಬಂದಿರುತ್ತದೆ. ಒಂದೇ ನದಿಯಲ್ಲಿ ಒಂದೇ ಹೊತ್ತಿಗೆ ಒಂದೂರಲ್ಲಿ ಭರತ, ಮುಂದಿನೂರಲ್ಲಿ ಇಳಿತ, ಅದರಾಚೆ ಮತ್ತೆ ಭರತ. ಅಲ್ಲಿ ಮಾವನಂಥವರು ಎಷ್ಟು ಲೆಕ್ಕ ಇಟ್ಟುಕೊಳ್ಳಬೇಕೋ!

ನನಗೆ ಎಲ್ಲಕ್ಕಿಂತ ಸೋಜಿಗ ಅನಿಸಿದ್ದು ಬೇರೆಯದು. ನೀರಿನ ಮಟ್ಟ ಏರುವುದು ಒಂದು, ಉಪ್ಪು ಬರುವುದು ಇನ್ನೊಂದು. ಎರಡೂ ಒಂದೇ ದೂರ ಹೋಗುವುದಿಲ್ಲ. ಉಪ್ಪಿನಪಟ್ಟಣ ಅಂತ ಹೊಳೆಯ ಮೇಲ್ಗಡೆ ಒಂದು ಊರಿದೆ. ಅಲ್ಲಿವರೆಗೂ ಹೊಳೆ ಸಮುದ್ರದ ಹೊತ್ತಿಗೆ ತಕ್ಕಂತೆ ಏರಿ ಇಳಿಯುತ್ತದೆ. ಆದರೆ ಅಲ್ಲಿ ಏರಿದ್ದು ಸಮುದ್ರದ ನೀರೇ ಆಗಬೇಕೆಂದಿಲ್ಲ. ಕೆಳಗೆ ದಾರಿ ಕಟ್ಟಿದ್ದರಿಂದ ಹಿಂದೆ ನಿಂತ ಹೊಳೆಯದೇ ನೀರು. ಹೆದ್ದಾರಿಯಲ್ಲಿ ಟ್ರಾಫಿಕ್ ಜಾಮ್ ಆದರೆ ಹಿಂದಿನ ಊರಲ್ಲೂ ವಾಹನ ನಿಲ್ಲುತ್ತದಲ್ಲ, ಹಾಗೆ. ಬಾಯಿಗೆ ಹಾಕಿದರೆ ಸಿಹಿ, ಆದರೂ ಅದು ಭರತ.

ಉಪ್ಪುನೀರು ಭಾರ. ಒಂದು ಲೀಟರಿಗೆ ಸುಮಾರು 25 ಗ್ರಾಂ ಜಾಸ್ತಿ ತೂಗುತ್ತದೆ. ಅಷ್ಟು ಸಾಕು, ಅದು ಸಿಹಿನೀರಿನ ಕೆಳಗೆ ನುಸುಳಿಕೊಂಡು ತಳದಲ್ಲಿ ಬರುತ್ತದೆ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ತುಂಬಾ ಒಳಗೆ ಬರುತ್ತದೆ. ದಡದ ಬಾವಿಗಳು ಏಪ್ರಿಲ್ ಹೊತ್ತಿಗೆ ಸ್ವಲ್ಪ ಉಪ್ಪಾಗುತ್ತವೆ, ಅತ್ತೆ ಚಹಾಕ್ಕೆ ಬೇರೆ ಬಾವಿಯ ನೀರು ತರುತ್ತಾರೆ. ಕರಾವಳಿಯ ಹೊಳೆಗಳಿಗೆ ಅಡ್ಡ ಕಿಂಡಿ ಅಣೆಕಟ್ಟು ಕಟ್ಟಿ ಬೇಸಿಗೆಯಲ್ಲಿ ಹಲಗೆ ಹಾಕುವುದರಲ್ಲಿ ಅರ್ಧ ಕೆಲಸ ಈ ಉಪ್ಪು ತಡೆಯುವುದೇ.

ಆದರೆ ಉಪ್ಪನ್ನು ಬರೀ ಶತ್ರು ಅನ್ನಲಿಕ್ಕೂ ಆಗಲ್ಲ. ಸಾಣಿಕಟ್ಟಾದಲ್ಲಿ ಇದೇ ಭರತದ ನೀರನ್ನು ಒಳಗೆ ಬಿಟ್ಟುಕೊಂಡು ಉಪ್ಪು ಬೆಳೆಯುತ್ತಾರೆ. ಮಾಣಿಕಟ್ಟಾ ಕಡೆಯ ಗಜನಿಯಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ. ಉಪ್ಪು ತಡೆಯುವ, ನೆರೆಯಲ್ಲಿ ಮುಳುಗಿದರೂ ಸಾಯದ ಭತ್ತ ಅದು. ಕೊಯ್ಲು ಆದಮೇಲೆ ಗದ್ದೆಯ ಒಡ್ಡಿನ ಹಲಗೆ ಬಾಗಿಲು ತೆಗೆದರೆ ಭರತದ ಜೊತೆ ಮೀನು, ಸಿಗಡಿ (ನಮ್ಮ ಕಡೆ ಶೆಟ್ಲಿ) ಒಳಗೆ ಬಂದು ಕೂಳೆಯ ನಡುವೆ ಬೆಳೆಯುತ್ತವೆ. ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಇಳಿತಕ್ಕೆ ಬಾಗಿಲಿಗೆ ಬಲೆ ಕಟ್ಟಿದರೆ ನೀರೇ ಹಿಡಿದು ಕೊಡುತ್ತದೆ. ಅದೇ ಇಳಿತಕ್ಕೆ ದಿಬ್ಬಗಳು ಮೇಲೆ ಬಂದಾಗ ಹೆಂಗಸರು ಬುಟ್ಟಿ ಹಿಡಿದು ಬಳಚು (ತಿನ್ನುವ ಚಿಪ್ಪುಜೀವಿ) ಆರಿಸುತ್ತಾರೆ. ಅವರಲ್ಲಿ ಯಾರೂ ಗಡಿಯಾರ ನೋಡಿದ್ದನ್ನು ನಾನು ಕಂಡಿಲ್ಲ. ದಿಬ್ಬದ ಮೇಲೆ ನೀರು ತಿರುಗುವ ಮೊದಲೇ ಬುಟ್ಟಿ ತಲೆಗೇರಿರುತ್ತದೆ.

ಬಳಚಿಗೆ ಸಿಹಿ ಜಾಸ್ತಿಯಾದರೂ ಆಗಲ್ಲ, ಹದದ ಉಪ್ಪು ಬೇಕು. ಪಕ್ಕದ ಹೊನ್ನಾವರದ ಶರಾವತಿಯನ್ನು ನೋಡಿದರೆ ಇದು ಗೊತ್ತಾಗುತ್ತದೆ. ಅಲ್ಲಿ ಮೇಲೆ ಲಿಂಗನಮಕ್ಕಿ ಇದೆ, ಗೇರುಸೊಪ್ಪೆ ಇದೆ. ಕರೆಂಟು ತಯಾರಿಸಿ ಬಿಟ್ಟ ಸಿಹಿನೀರು ವರ್ಷವಿಡೀ ಅಳಿವೆಗೆ ಬರುತ್ತದೆ. ಬೇಸಿಗೆಯಲ್ಲೂ ಉಪ್ಪು ಮೇಲೇರಲು ಬಿಡುವುದಿಲ್ಲ. ಸಮುದ್ರ ಅದೇ, ಚಂದ್ರ ಅವನೇ. ಆದರೆ ಆ ಅಳಿವೆಯಲ್ಲಿ ಬಳಚು ಹೆಚ್ಚುಕಡಿಮೆ ಇಲ್ಲವಾಗಿದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಶಿರಸಿಯ ಕಡೆ ಹುಟ್ಟಿ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ತನ್ನ ಪಾಡಿಗೆ ಬರುತ್ತದೆ. 2024ರಲ್ಲಿ ಈ ಅಳಿವೆಗೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಮಾವನಿಗೆ ಆ ಸುದ್ದಿ ಹೇಳಿದೆ. "ಒಳ್ಳೇದಾಯ್ತು" ಅಂದರು, ಬಲೆಯ ಗಂಟು ಬಿಡಿಸುತ್ತಾ.

ಬೇಸಿಗೆಯ ನನ್ನ ಗೆರೆಗಳ ಮೇಲೆ ಬಹಳ ನಂಬಿಕೆ ಇಟ್ಟುಕೊಂಡು ಜುಲೈನಲ್ಲಿ ಮತ್ತೆ ಹೋದೆ. ಮಳೆ ಹಿಡಿದಿತ್ತು. ಹೊಳೆ ಕೆಂಪು. ಮೆಟ್ಟಿಲಲ್ಲಿ ಬರೀ ಮೇಲಿನ ನಾಲ್ಕೇ ಕಾಣುತ್ತಿದ್ದವು. ಹುಣ್ಣಿಮೆಯ ಮಾರನೇ ದಿನ, ಭರತದ ಹೊತ್ತು ನೋಡಿಕೊಂಡು ತೆಂಗಿನ ಸಿಪ್ಪೆ ಎಸೆದೆ. ಅದು ಬಾಣದ ಹಾಗೆ ಸೇತುವೆಯ ಕಡೆ ಹೋಯಿತು. ಒಂದು ಗಂಟೆ ಬಿಟ್ಟು ಎಸೆದೆ, ಹಾಗೇ ಹೋಯಿತು. ಆಮೇಲೊಂದು ತುಸು ನಿಧಾನ ಹೋಯಿತು, ಅಷ್ಟೇ. ಹಿಂದಕ್ಕೆ ಮಾತ್ರ ಒಂದೂ ಬರಲಿಲ್ಲ. ಆದರೆ ಮೆಟ್ಟಿಲಲ್ಲಿ ನೀರು ಮಾತ್ರ ಏರಿತು, ಇಳಿಯಿತು.

ಮಳೆಗಾಲದಲ್ಲಿ ಸಮುದ್ರಕ್ಕೆ ಹೊಳೆಯನ್ನು ತಿರುಗಿಸುವ ತಾಕತ್ತಿಲ್ಲ. ಬಾಗಿಲಲ್ಲಿ ನಿಂತು ತಡೆಯಬಲ್ಲದು, ಅಷ್ಟೇ. ಆ ತಡೆಯೇ ಅಪಾಯ. ಘಟ್ಟದಲ್ಲಿ ಸುರಿದ ನೀರು ಕೆಳಗೆ ಬರುವ ಹೊತ್ತಿಗೆ ಸರಿಯಾಗಿ ದೊಡ್ಡ ಭರತ ಇದ್ದರೆ ನೀರು ಹೋಗುವುದೆಲ್ಲಿಗೆ? ತೋಟಕ್ಕೆ, ಅಂಗಳಕ್ಕೆ. 2019ರ ಆಗಸ್ಟಿನಲ್ಲಿ ಜಿಲ್ಲೆಗೆ ಜಿಲ್ಲೆಯೇ ನೆರೆಯಲ್ಲಿದ್ದಾಗ ಬೆಂಗಳೂರಿನಿಂದ ಫೋನ್ ಮಾಡಿ ಮಳೆ ಎಷ್ಟು ಅಂತ ಕೇಳಿದ್ದೆ. ಮಾವ ಮಳೆಯ ಮಾತೇ ಎತ್ತಲಿಲ್ಲ. "ಈಗ ಭರತ ಅದೆ. ರಾತ್ರೆ ಇಳಿತಕ್ಕೆ ಸ್ವಲ್ಪ ಬಿಡ್ತದೆ ಕಾಣ್ತದೆ" ಅಂದಿದ್ದರು. ಆಗ ನನಗೆ ಆ ಉತ್ತರ ಅರ್ಥವಾಗಿರಲಿಲ್ಲ.

ಮಾವನ ಮನೆಯ ಗೋಡೆಯಲ್ಲಿ ಕ್ಯಾಲೆಂಡರಿನ ಪಕ್ಕ ಈಗ ಒಂದು ಚೀಟಿ ಅಂಟಿಸಿದೆ. ಮೇ ತಿಂಗಳಲ್ಲಿ ನಾನೇ ಬರೆದದ್ದು. ಭರತಕ್ಕೆ 40 ನಿಮಿಷ ಸೇರಿಸಿ, ಇಳಿತಕ್ಕೆ 100 ನಿಮಿಷ ಸೇರಿಸಿ ಅಂತ ದಪ್ಪ ಅಕ್ಷರದಲ್ಲಿ. ಜುಲೈಯಲ್ಲಿ ಹೋದಾಗ ಅದರ ಕೆಳಗೆ ಪೆನ್ಸಿಲಿನಲ್ಲಿ ಇನ್ನೊಂದು ಸಾಲು ಸೇರಿತ್ತು, ಮಾವನ ಅಕ್ಷರ:

"ಮಳೆಗಾಲಕ್ಕೆ ಇದು ನಡೆಯೂದಿಲ್ಲ."